ಲಿಂಗ ಹಿಡಿಯುವ ಕೈ

ಪೂಜೆಗೆ ಕೂರುವಂತೆ ಅತ್ತೆ ಲಲಿತಮ್ಮನವರು ನಡುಮನೆಯಿಂದ ಕರೆದರು. ಸಿಂಧು ಎಡಗೈಯನ್ನು ಸೆರಗಿನೊಳಗೆ ಇನ್ನಷ್ಟು ಮುದುಡಿಕೊಂಡಳು.

ಬಾಣಾವರದಿಂದ ಅರಸೀಕೆರೆಯ ಈ ಕೊಬ್ಬರಿ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳ ಅಂಗೈಯಲ್ಲಿ ತುರಿಕೆ ಹುಟ್ಟಿ, ಚರ್ಮ ಒಡೆದಿತ್ತು. ಗುಟ್ಟಾಗಿ ತೋರಿಸಿಕೊಂಡಾಗ ಡಾಕ್ಟರು, "ಇಸುಬು ಕಣಮ್ಮ, ಅಂಟೋದಲ್ಲ. ದುಗುಡಕ್ಕೆ ಕೆರಳುತ್ತೆ. ಮುಲಾಮು ಹಚ್ಚಿ. ಜೊತೆಗೆ ದಿನಾ ಸ್ವಲ್ಪ ಹೊತ್ತು ಒಂದೇ ಕಡೆ ದೃಷ್ಟಿಯಿಟ್ಟು ನಿಧಾನವಾಗಿ ಉಸಿರಾಡಿ" ಎಂದಿದ್ದರು.

ಮುಲಾಮು ಯಾರ ಕಣ್ಣಿಗಾದರೂ ಬಿದ್ದೀತೆಂದು ಅವಳು ಅದನ್ನು ಎಸೆದಳು. ಹುಳುಕಡ್ಡಿಗೆಂದು ಕರಟ ಸುಟ್ಟು ಇಳಿಸಿದ ಎಣ್ಣೆ ಆ ಮನೆಯಲ್ಲಿ ಸದಾ ಇರುತ್ತಿತ್ತು. ಯಾರೂ ಕೇಳುವುದಿಲ್ಲವೆಂದು ಅದನ್ನೇ ಸವರಿಕೊಂಡಳು. ಒಡೆದಿದ್ದ ಚರ್ಮ ಬೆಂದು ಬೊಬ್ಬೆ ಎದ್ದಿತು.

ಅವಳ ಭಯಕ್ಕೆ ಕಾರಣವಿತ್ತು. ಅಕ್ಕ ರಮಾಳ ಕೊರಳಲ್ಲೊಂದು ಕಲೆ ಕಂಡು ಗಂಡಿನವರು ಸಂಬಂಧ ಮುರಿದಿದ್ದರು. ಒಂದು ಕಲೆಗಾಗಿ ಹೆಣ್ಣನ್ನು ನಿರಾಕರಿಸುವವರು ಎದೆಯ ಮೇಲೆ ಲಿಂಗ ಧರಿಸಿ, ಯಾವ ಬಾಯಿಂದ ಶರಣರ ಹೆಸರು ಹೇಳುತ್ತಾರೋ! ತನ್ನನ್ನೂ ತವರಿಗೆ ಅಟ್ಟಿಬಿಟ್ಟರೆ?

ಇಷ್ಟು ದಿನ ಕೋಣೆಯಲ್ಲೇ ಪೂಜೆ ಮುಗಿಸಿದೆನೆಂದು ಸುಳ್ಳು ಹೇಳಿ ಪಾರಾಗಿದ್ದಳು. ಇಂದು ಶ್ರಾವಣ ಸೋಮವಾರ, ಎಲ್ಲರೂ ಒಟ್ಟಿಗೆ ಕೂರಬೇಕು. ಗಂಡಸಿ ಊರಿನಿಂದ ಮಾವನ ಅಕ್ಕ ರುಕ್ಮಿಣಮ್ಮ ಬೇರೆ ಬಂದಿದ್ದರು.

ಸಿಂಧು ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಬೆರಳುಗಳನ್ನು ಗೂಡಿನಂತೆ ಮಡಿಚಿದಳು. ಅಭಿಷೇಕದ ನೀರು ಬಿದ್ದದ್ದೇ ತಡ, ಕೆಂಡ ಮುಟ್ಟಿದಂತಾಗಿ ಕೈ ವಾಲಿತು. ಲಿಂಗ ಬೆರಳ ತುದಿಗೆ ಜಾರಿತು. ನೆಲಕ್ಕೆ ಬಿದ್ದರೆ? ಎಂಥ ಅಪಚಾರ!

ಅಷ್ಟರಲ್ಲಿ ಇನ್ನೊಂದು ಅಂಗೈ ಕೆಳಗಿನಿಂದ ಅವಳ ಕೈಯನ್ನು ಎತ್ತಿ ಹಿಡಿಯಿತು. ಲಲಿತಮ್ಮನವರದು. ಲಿಂಗ ನಿಂತಿತು. ಆದರೆ ಬೊಬ್ಬೆಗಳೆಲ್ಲ ಬೆಳಕಿಗೆ ಬಿದ್ದವು.

"ಅಯ್ಯೋ ಶಿವನೇ! ಇದೇನೇ ರೋಗ?" ರುಕ್ಮಿಣಮ್ಮ ಹಿಂದೆ ಸರಿದರು. "ಇವತ್ತೇ ತವರಿಗೆ ಕಳ್ಸು ಕಣೇ ಲಲಿತಾ!"

ಲಲಿತಮ್ಮನವರು ಬಗ್ಗಿ ಮೂಸಿದರು. "ರೋಗ ಅಲ್ಲ ಅಕ್ಕ, ಕರಟದೆಣ್ಣೆ ಸುಟ್ಟಿರೋದು. ಯಾರೇ ಹೇಳಿದ್ದು ಇದನ್ನ ಹಚ್ಚೋಕೆ?"

"ಯಾರೂ ಇಲ್ಲ ಅತ್ತೆ. ಡಾಕ್ಟರು ಇಸುಬು ಅಂದ್ರು. ಮುಲಾಮು ನೀವು ನೋಡಿಬಿಡ್ತೀರ ಅಂತ..."

"ನನಗೆ ಹೆದರಿ ಕೈ ಸುಟ್ಕೊಂಡ್ಯಾ?" ಲಲಿತಮ್ಮನವರ ದನಿ ಕುಗ್ಗಿತು. "ಡಾಕ್ಟರು ಇನ್ನೇನಂದ್ರು?"

"ಒಂದೇ ಕಡೆ ನೋಡ್ತಾ... ಮೆಲ್ಲಗೆ ಉಸಿರಾಡು ಅಂದ್ರು."

"ಇಲ್ಲೇ ನೋಡು, ಉಸಿರಾಡು. ಪೂಜೆ ಆದಮೇಲೆ ಇಬ್ರೂ ಡಾಕ್ಟರ ಹತ್ರ ಹೋಗೋಣ."

"ಊರಿಗೆಲ್ಲ ಗೊತ್ತಾಗ್ಲಿ ಅಂತಲೋ?" ರುಕ್ಮಿಣಮ್ಮ ಮಣೆಯನ್ನು ಕರಕರನೆ ದೂರ ಎಳೆದುಕೊಂಡರು.

ಆ ಸದ್ದಿಗೆ ಸಿಂಧುವಿನ ಉಸಿರು ಅರ್ಧದಲ್ಲೇ ಮುರಿಯಿತು, ಕೈ ಮತ್ತೆ ವಾಲಿತು. ಕೆಳಗಿದ್ದ ಕೈ ಮಾತ್ರ ಕದಲಲಿಲ್ಲ. ಅವಳು ಲಿಂಗದ ಮೇಲೆ ಕಣ್ಣು ನೆಟ್ಟು, ಉಸಿರನ್ನು ಮೊದಲಿನಿಂದ ಎಳೆದುಕೊಂಡಳು.