ಪಕ್ಕದ ಕೋಣೆಗೆ ಹೋದ ಹೂವು

ಇಗರ್ಜಿಯಲ್ಲಿ ಭಾನುವಾರದ ಪೂಜೆಯ ನಡುವೆ ತನ್ನ ಅಜ್ಜಿಯ ಹೆಸರು ಕೇಳಿಸಿದಾಗ ಅವಳು ಕೊನೆಯ ಬೆಂಚಿನ ಬಳಿ ನಿಂತು ಉಗುರಿನ ಸಂದಿಯ ಪ್ಲಾಸ್ಟರ್ ಕೆರೆದುಕೊಳ್ಳುತ್ತಿದ್ದಳು. ಬಲಿಪೀಠದ ಪಕ್ಕ ಪ್ರಾರ್ಥನೆ ಓದುತ್ತಿದ್ದ ಹೆಂಗಸು ಆ ಹೆಸರಿನಲ್ಲಿ ಎರಡು ಸಲ ಎಡವಿದ್ದರಿಂದ, ಬೇರೆ ಯಾರದೋ ಇರಬೇಕು ಅಂದುಕೊಂಡಳು. ಆದರೆ ಹಿಂದೆಯೇ ಮನೆತನದ ಹೆಸರೂ ಬಂತು.

"ಕಳೆದ ಸೋಮವಾರ ತೀರಿಕೊಂಡ ಇವರಿಗೆ ಪ್ರಭು ಚಿರಶಾಂತಿ ಕೊಡಲಿ. ಓದೋದಕ್ಕೆ ನಮ್ಮ ನಡುವೆ ಬಂದಿರೋ ಇವರ ಮೊಮ್ಮಗಳಿಗೆ ಧೈರ್ಯ ಕೊಡಲಿ."

"ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು" ಎಂದು ನೂರು ಜನ ಒಟ್ಟಿಗೆ ಹೇಳಿದರು. ಅಭ್ಯಾಸಬಲದಿಂದ ಅವಳ ಬಾಯಿಯೂ ಹೇಳಿಬಿಟ್ಟಿತು. ಹೇಳಿ ಮುಗಿದ ಮೇಲೆ ಅವಳಿಗೆ ಅರ್ಥವಾಯಿತು.

ಬೆಂಚಿನ ಅಂಚು ಹಿಡಿದುಕೊಂಡಳು. ಮುಂದಿನ ಬೆಂಚಿನ ಕೆಲವರು ಹಿಂತಿರುಗಿ ನೋಡಿ ಮೆಲ್ಲಗೆ ತಲೆಬಾಗಿದರು. ಇವರಿಗೆಲ್ಲ ನಾನು ಯಾರೆಂದು ಗೊತ್ತೇ? ಈ ದೇಶಕ್ಕೆ ಬಂದು ಎಂಟು ವಾರ. ಕೃತಕ ಕಾಲು ಮಾಡುವ ವಿದ್ಯೆ ಕಲಿಯಲು ಬಂದವಳು, ಹಗಲೆಲ್ಲ ಪ್ಲಾಸ್ಟರಿನಲ್ಲಿ ಕಾಲಿನ ಅಚ್ಚು ತೆಗೆದು, ಅದನ್ನು ಅರದಿಂದ ಉಜ್ಜುವುದರಲ್ಲೇ ಕಳೆಯುತ್ತಿದ್ದಳು. ಈ ಇಗರ್ಜಿಗೆ ನಾಲ್ಕು ಭಾನುವಾರ ಬಂದಿದ್ದಳು. ಕೊನೆಯ ಆಶೀರ್ವಾದ ಮುಗಿಯುವ ಮೊದಲೇ, ಯಾರ ಕಣ್ಣಿಗೂ ಬೀಳದಂತೆ ಜಾರಿಕೊಂಡಿದ್ದಳು. ತನ್ನ ಮುರುಕು ಭಾಷೆಗೆ ಅವಳಿಗೇ ನಾಚಿಕೆ.

ಗುರುವಾರ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದ್ದಳು. ಅಜ್ಜಿಗೆ ಕೊಡು ಅಂದಾಗ "ಮಲಗಿದಾರೆ ಕಣೇ, ಎಬ್ಬಿಸೋದು ಬೇಡ" ಅಂದಿದ್ದಳು ಅಮ್ಮ.

ಪೂಜೆ ಮುಗಿದದ್ದು ಅವಳಿಗೆ ತಿಳಿಯಲೇ ಇಲ್ಲ. ಪಕ್ಕದಲ್ಲಿ ಯಾರೋ ಬಂದು ಕೂತರು. ಇಲ್ಲಿಯ ಊರ ಬಸ್ ಓಡಿಸುವ ಹೆಂಗಸು. ಕಾಲೇಜಿಗೆ ಅವಳು ದಿನಾ ಹತ್ತುವ ಬಸ್ಸಿನ ಡ್ರೈವರ್. ಇಷ್ಟು ದಿನ ಇಬ್ಬರೂ ಬರೀ ತಲೆಯಾಡಿಸಿಕೊಂಡಿದ್ದವರು.

"ಬುಧವಾರ ಇಗರ್ಜಿಯವರು ಕೆಲವರು ನಿನ್ನ ಹಾಸ್ಟೆಲ್ಲಿಗೆ ಬಂದಿದ್ವಿ ಮಗಳೇ" ಅಂದಳು ಡ್ರೈವರ್. "ಬಾಗಿಲು ಹಾಕಿತ್ತು. ಒಬ್ಬಳೇ ಅತ್ಕೊಂಡಿರಬೇಕು ಅಂತ ಹೂವು ಬಾಗಿಲಲ್ಲೇ ಇಟ್ಟು ಬಂದ್ವಿ."

ಹೂವು! ಬಿಳಿ ಹೂವಿನ ಕಟ್ಟು, ಜೊತೆಗೊಂದು ಚೀಟಿಯೂ ಇರಲಿಲ್ಲ. ತನಗೆ ಹೂ ಕೊಡುವವರು ಇಲ್ಲಿ ಯಾರಿದ್ದಾರೆಂದು, ಅದನ್ನೆತ್ತಿ ಪಕ್ಕದ ಕೋಣೆಯ ಮುಂದಿಟ್ಟಿದ್ದಳು. ಆ ಹುಡುಗಿಯೋ, ಯಾರಪ್ಪ ಕೊಟ್ಟಿದ್ದು ಎಂದು ಅವತ್ತಿನಿಂದ ಕುಣಿದಾಡುತ್ತಿದ್ದಳು.

"ನಂಗೆ ಗೊತ್ತಿರಲಿಲ್ಲ" ಎಂದಳು. "ಅಜ್ಜಿ ಹೋಗಿದ್ದು ನಂಗೆ ಯಾರೂ ಹೇಳಿಲ್ಲ ಆಂಟಿ. ಈಗಲೇ ಗೊತ್ತಾಗಿದ್ದು."

ಡ್ರೈವರ್ ಬಾಯಿಗೆ ಕೈ ಅಡ್ಡ ಹಿಡಿದಳು. ಎದ್ದವಳೇ ಗುರುಗಳ ಬಳಿಗೆ ಓಡಿದಳು. ಗುರುಗಳು ಪೂಜೆಯ ಉಡುಪನ್ನು ಅರ್ಧ ಕಳಚಿದ್ದವರು ಹಾಗೇ ಬಂದರು.

"ನಿಮ್ಮೂರಿನ ಫಾದರ್ ಮಂಗಳವಾರ ಇ-ಮೇಲ್ ಮಾಡಿದ್ರು, ನಿನ್ನ ಹಾಸ್ಟೆಲ್ ವಿಳಾಸಾನೂ ಕೊಟ್ಟಿದ್ರು. ಹೀಗಾಗಿದೆ, ಹುಡುಗೀನ ನೋಡ್ಕೊಳ್ಳಿ ಅಂತ. ನಿಂಗೆ ಹೇಳಿರ್ತಾರೆ ಅಂದ್ಕೊಂಡೆ. ಅಯ್ಯೋ, ಎಂಥಾ ಕೆಲಸ ಮಾಡಿಬಿಟ್ಟೆ ನಾನು!"

ಅವಳು ಎದ್ದು ಪಕ್ಕದ ಸಭಾಕೋಣೆಗೆ ಹೋಗಿ, ಕಾಫಿ ಲೋಟಗಳನ್ನು ಜೋಡಿಸಿದ್ದ ಮೇಜಿನ ಬಳಿ ನಿಂತು ಮನೆಗೆ ಫೋನ್ ಮಾಡಿದಳು.

"ಅಜ್ಜೀಗೆ ಕೊಡು ಅಮ್ಮ."

"ಈಗ ತಾನೇ ಊಟ ಮಾಡಿ…"

"ಅಮ್ಮ, ಇಲ್ಲಿ ಪೂಜೇಲಿ ಹೇಳಿದ್ರು."

ಆ ಕಡೆ ಅಮ್ಮ ಬಿಕ್ಕಿದಳು. "ನಾಳಿದ್ದು ನಿನ್ನ ಪರೀಕ್ಷೆ. ಅದು ಮುಗಿಯೋ ತನಕ ಹೇಳಬಾರದು ಅಂತ ನಿಮ್ಮಪ್ಪ…"

"ಗುರುವಾರ ಮಲಗಿದಾರೆ ಅಂದ್ಯಲ್ಲಮ್ಮ! ಹೇಗೆ ಬಾಯಿ ಬಂತು?"

"ನಾನಾದ್ರೂ ಏನ್ ಮಾಡ್ಲಿ ಹೇಳು! ಮಂಗಳವಾರ ಮಣ್ಣಾಯ್ತು ಕಣೇ. ನಿನ್ನ ಹೆಸರಲ್ಲಿ ಒಂದು ಹಿಡಿ ಮಣ್ಣು ನಾನೇ ಹಾಕಿದೆ."

ಮಂಗಳವಾರ. ಅವತ್ತು ಅವಳು ತೊಡೆಯ ಅಚ್ಚೊಂದನ್ನು ಸರಿಯಾಗಿ ತೆಗೆದೆನೆಂದು ಖುಷಿಯಲ್ಲಿ ಹಾಡಿಕೊಳ್ಳುತ್ತಾ ಬಂದಿದ್ದಳು. ಫೋನ್ ಇಟ್ಟಳು. ಅಳು ಬರಲಿಲ್ಲ. ಯಾರೋ ಎದೆಯೊಳಗೆ ಪ್ಲಾಸ್ಟರ್ ಸುರಿದಿದ್ದಾರೆ, ಅದು ಗಟ್ಟಿಯಾಗುತ್ತಿದೆ ಅನ್ನಿಸಿತು.

"ನಾನು ಮಣ್ಣು ಹಾಕಲಿಲ್ಲ" ಎಂದಳು, ಬಾಗಿಲಲ್ಲಿ ನಿಂತಿದ್ದ ಡ್ರೈವರ್‌ಗೆ. "ಹಾಡೂ ಹೇಳಲಿಲ್ಲ. ಏನೂ ಮಾಡಲಿಲ್ಲ."

ಡ್ರೈವರ್ ಹೊರಗೆ ಹೋದಳು. ಬಸ್ಸಿನಲ್ಲಿ ಹಿಂದೆ ಸರಿಯಿರಿ ಎಂದು ಕೂಗುವ ಅದೇ ಗಂಟಲಿನಲ್ಲಿ ಅಂಗಳದವರನ್ನೆಲ್ಲ ಕರೆದಳು. ಕಾರುಗಳ ಸದ್ದು ಒಂದೊಂದಾಗಿ ನಿಂತಿತು. ಕೀಲಿಕೈ ಬೆರಳಿಗೆ ಸಿಕ್ಕಿಸಿಕೊಂಡೇ ಒಬ್ಬ ಒಳಗೆ ಬಂದ. ಕಾಫಿ ಹಾಕುತ್ತಿದ್ದವಳು ಏಪ್ರನ್ ಬಿಚ್ಚಿ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಗುರುಗಳು ಉಡುಪನ್ನು ಮತ್ತೆ ಸರಿಯಾಗಿ ತೊಟ್ಟು, ಮಣ್ಣು ಮಾಡುವಾಗಿನ ಪ್ರಾರ್ಥನೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

ಕೊನೆಗೆ, "ಅಜ್ಜಿ ಬಗ್ಗೆ ಏನಾದ್ರೂ ಹೇಳ್ತೀಯಾ ಮಗಳೇ?" ಎಂದರು.

"ನಿಮ್ಮ ಭಾಷೇಲಿ ಹೇಳೋದಕ್ಕೆ ನಂಗೆ ಬರಲ್ಲ ಫಾದರ್."

"ನಿನ್ನ ಭಾಷೇಲೇ ಹೇಳಮ್ಮಾ" ಎಂದಳು ಮೊದಲ ಸಾಲಿನಿಂದ ಡ್ರೈವರ್.

ಅವಳು ಎದ್ದು ಮುಂದೆ ಹೋಗಿ ನಿಂತಳು. ಎರಡು ತಿಂಗಳಿಂದ ಫೋನಿನಲ್ಲಿ ಬಿಟ್ಟರೆ ಬಾಯ್ತುಂಬ ಆಡದ ಕನ್ನಡ ತಾನಾಗಿ ಬಂತು. ಅಜ್ಜಿ ಎಣ್ಣೆ ಹಚ್ಚುವ ನೆಪದಲ್ಲಿ ತಲೆಗೆ ಕೊಡುತ್ತಿದ್ದ ಮೊಟಕು, ಜಪಮಾಲೆಯ ನಡುವೆಯೇ ಹಾಲಿನವನನ್ನು ಬೈದು ಮತ್ತೆ ಅದೇ ಮಣಿಗೆ ಮರಳುತ್ತಿದ್ದದ್ದು, "ನನ್ನ ಮಂಡಿಗೂ ಒಂದು ಹೊಸದು ಮಾಡಿ ಕಳಿಸೇ" ಅಂದದ್ದು. ಅಲ್ಲಿಗೆ ಬಂದಾಗ ಅವಳಿಗೆ ನಗು ಬಂತು, ನಗುವಿನ ಬೆನ್ನಿಗೇ ಅಳು. ಒಂದು ಪದವೂ ಅರ್ಥವಾಗದ ಜನ ಅಲುಗಾಡದೆ ಕೂತಿದ್ದರು. ಯಾರೂ ಗಡಿಯಾರ ನೋಡಲಿಲ್ಲ. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಲ್ಲೆಲ್ಲ ಡ್ರೈವರ್, ಕಥೆ ಕೇಳುವವಳ ಹಾಗೆ, ಮೆಲ್ಲಗೆ "ಹೂಂ" ಎನ್ನುತ್ತಿದ್ದಳು.