ಡಿಸ್ಕ್ ಪೆಟ್ಟಿಗೆಯ ಎರಡನೇ ವೈರು

ನಿಮ್ಮ ಸೊಸೆ ಏನು ಕೆಲಸ ಮಾಡುತ್ತಾಳೆ ಅಂತ ಯಾರಾದರೂ ಅಪ್ಪಿತಪ್ಪಿ ಕೇಳಿದರೆ ಮುಗಿಯಿತು, ಮಾವ ಅವರನ್ನು ಕೂರಿಸಿಕೊಂಡೇ ಬಿಡುತ್ತಿದ್ದರು. ಆಸ್ಪತ್ರೆಯೋ ಕಾಲೇಜೋ, ಎಲ್ಲಿ ರಾಶಿಗಟ್ಟಲೆ ಚಿತ್ರ, ಕಾಗದಪತ್ರಗಳನ್ನು ಕಂಪ್ಯೂಟರಿನಲ್ಲಿ ಕಾಪಾಡಿ ಇಡಬೇಕೋ ಅಲ್ಲಿಗೆ ಹೋಗಬೇಕು. ಆಳೆತ್ತರದ ಕಬ್ಬಿಣದ ರ‍್ಯಾಕಿನಲ್ಲಿ ಸಾಲಾಗಿ ಡಿಸ್ಕುಗಳಿರುವ ಪೆಟ್ಟಿಗೆ ಕೂರಿಸಬೇಕು. ವೈರು ಜೋಡಿಸಿ, ಪರೀಕ್ಷೆ ಮಾಡಿ, ಸರಿಯಾಗಿದೆ ಅಂತ ಮಾತು ಕೊಟ್ಟು ಬರಬೇಕು. ಅದು ಸೊಸೆಯ ಕೆಲಸ. ಬಿಲ್ಲಿನಲ್ಲಿ ಆ ಪೆಟ್ಟಿಗೆಗೆ ನಾಲಿಗೆ ಹೊರಳದ ಒಂದು ಹೆಸರಿತ್ತು. ಮಾವ ಅದನ್ನು ಡಿಸ್ಕ್ ಪೆಟ್ಟಿಗೆ ಅಂತ ಕರೆದರು. ಈಗ ಸೊಸೆಯೂ ಹಾಗೇ ಅನ್ನುತ್ತಾಳೆ.

ಮಾವ ಆಯುಸ್ಸೆಲ್ಲ ಮನೆ ಸಾಮಾನು ಸಾಗಿಸುವ ಲಾರಿ ಓಡಿಸಿದವರು. ಬರೀ ಓಡಿಸಿದವರಲ್ಲ, ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಕಬ್ಬಿಣದ ಬೀರುಗಳನ್ನು ಗೋಡೆಗೆ ಒಂದು ಗೀರೂ ಬೀಳದ ಹಾಗೆ ಇಳಿಸಿದವರು. ಲಾರಿ ಮಾರಿದ ಮೇಲೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಬೀದಿಯಲ್ಲಿ ಹೋಗಿ ಬರುವ ಡ್ರೈವರುಗಳನ್ನೆಲ್ಲ ಬೈಯುವುದೇ ಅವರ ಉದ್ಯೋಗವಾಗಿತ್ತು. ಅತ್ತೆಗೆ ಕೇಳಿ ಕೇಳಿ ಸಾಕಾಗಿತ್ತು. ಹೀಗಿರುವಾಗ ಸೊಸೆ ಕಂಪನಿಯ ನೌಕರಿ ಬಿಟ್ಟು ಸ್ವಂತವಾಗಿ ಕೆಲಸ ಹಿಡಿದಳು. ವ್ಯಾನು ಓಡಿಸಲಿಕ್ಕೆ, ಪೆಟ್ಟಿಗೆಯ ಇನ್ನೊಂದು ಬದಿ ಹಿಡಿಯಲಿಕ್ಕೆ ಒಬ್ಬರು ಬೇಕಾಯಿತು. ಗಂಡನನ್ನು ಕೇಳಿ ಪ್ರಯೋಜನವಿರಲಿಲ್ಲ. ಅವನು ಬಲ್ಬು ಬದಲಿಸಲಿಕ್ಕೂ ಹೆಂಡತಿಯನ್ನೇ ಕೂಗುವ ಆಸಾಮಿ. ಕಡೆಗೆ ಅವಳು ಮಾವನನ್ನೇ ಕೇಳಿದಳು. ಆ ದಿನ ಬೀದಿಯ ಡ್ರೈವರುಗಳು ಬೈಗುಳ ತಿನ್ನದೆ ಮನೆ ಸೇರಿದರು.

ಅಲ್ಲಿಂದ ಮಾವ ಮತ್ತೆ ಮನುಷ್ಯರಾದರು. ಬೆಳಿಗ್ಗೆ ಎದ್ದು ಕ್ಷೌರ ಮಾಡಿಕೊಳ್ಳಲಿಕ್ಕೆ ಒಂದು ಕಾರಣ ಸಿಕ್ಕಿತು. ಆದರೆ ಈಚೆಗೆ ಬಲ ಭುಜ ಕೈಕೊಟ್ಟಿತ್ತು. ತೋಳು ಎದೆಯ ಮಟ್ಟಕ್ಕಿಂತ ಮೇಲೆ ಹೋದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಎಣ್ಣೆ ತಿಕ್ಕುವ ಅತ್ತೆಯ ಬಾಯಿಗೆ ಬೀಗ ಹಾಕಿಸಿ, ಸೊಸೆಯ ಮುಂದೆ ಮಾತ್ರ ಏನೂ ಆಗಿಲ್ಲದವರಂತೆ ಓಡಾಡುತ್ತಿದ್ದರು. ಎತ್ತಲಾಗದವನಿಗೆ ವ್ಯಾನಿನಲ್ಲಿ ಏನು ಕೆಲಸ, ಮತ್ತೆ ಆ ಬಾಗಿಲ ಬಳಿಯ ಕುರ್ಚಿಯೇ ಗತಿ ಅನ್ನುವುದು ಅವರ ಹೆದರಿಕೆ.

ಈ ಸಲದ ಕೆಲಸ ಕಣ್ಣಿನ ಆಸ್ಪತ್ರೆಯಲ್ಲಿ. ಅಲ್ಲಿಗೆ ಬಂದ ಪ್ರತಿಯೊಬ್ಬರ ಕಣ್ಣಿನೊಳಗಿನ ಚಿತ್ರವನ್ನೂ ತೆಗೆದು ಇಡುತ್ತಾರೆ. ಹೋದ ವರ್ಷದ ಚಿತ್ರದ ಪಕ್ಕ ಈ ವರ್ಷದ್ದನ್ನು ಇಟ್ಟು ನೋಡಿದರೇನೇ ಡಾಕ್ಟರಿಗೆ ರೋಗ ಎಷ್ಟು ಮುಂದುವರಿದಿದೆ ಅಂತ ತಿಳಿಯುವುದು. ಹಳೆಯ ಪೆಟ್ಟಿಗೆ ದಿನಕ್ಕೊಂದು ರಾಗ ತೆಗೆಯುತ್ತಿದ್ದುದರಿಂದ ಹೊಸದನ್ನು ತರಿಸಿದ್ದರು. ಇದು ಸುಸೂತ್ರವಾಗಿ ಮುಗಿದರೆ ತಮ್ಮ ಉಳಿದ ಆಸ್ಪತ್ರೆಗಳ ಕೆಲಸವೂ ಸೊಸೆಗೇ ಅಂತ ಆಡಳಿತದವರು ಹೇಳಿದ್ದರು. ಸ್ವಂತ ಕೆಲಸ ಶುರು ಮಾಡಿದ ಮೇಲೆ ಅವಳಿಗೆ ಸಿಕ್ಕ ಮೊದಲ ದೊಡ್ಡ ಅವಕಾಶ ಇದು. ಕೆಟ್ಟರೆ ಸುದ್ದಿ ಊರೆಲ್ಲ ಹರಡಲಿಕ್ಕೆ ಎಷ್ಟು ಹೊತ್ತು?

ಅಲ್ಲಿನ ಕಂಪ್ಯೂಟರ್ ವಿಭಾಗದ ಅಧಿಕಾರಿಗೆ ಮಾವ ಬಂದ ಗಳಿಗೆಯಲ್ಲೇ ಅವಸರದ ಸಾಹೇಬರು ಅಂತ ಹೆಸರಿಟ್ಟರು. ಪೆಟ್ಟಿಗೆಯ ರಟ್ಟು ಬಿಚ್ಚುವ ಮೊದಲೇ ಆ ಮನುಷ್ಯ ಎಷ್ಟು ಹೊತ್ತಾಗುತ್ತದೆ ಅಂತ ಎರಡು ಸಲ ಕೇಳಿದ್ದರು. ಸೊಸೆ ನಕ್ಕು, ಆಗುವಷ್ಟು ಹೊತ್ತು ಆಗುತ್ತದೆ ಸರ್ ಅಂದು ತನ್ನ ಕೆಲಸಕ್ಕೆ ಇಳಿದಳು.

ಅವಳು ಕೆಲಸ ಮಾಡುವುದನ್ನು ನೋಡುವುದೇ ಮಾವನಿಗೆ ಒಂದು ಹಬ್ಬ. ಮೊದಲು ರಟ್ಟಿನ ಮೂಲೆಗಳನ್ನು ಸವರಿ, ಎಲ್ಲಾದರೂ ಜಜ್ಜಿದೆಯೋ ಅಂತ ನೋಡುತ್ತಾಳೆ. ಪೆಟ್ಟಿಗೆ ಕೂರುವ ಎರಡು ಹಳಿಗಳನ್ನು ರ‍್ಯಾಕಿಗೆ ಬಿಗಿಯುವಾಗ ತೂತುಗಳನ್ನು ಕೆಳಗಿನಿಂದ ಎಣಿಸುತ್ತಾಳೆ, ಆಮೇಲೆ ಮೇಲಿನಿಂದ ಎಣಿಸುತ್ತಾಳೆ. ಒಂದು ತೂತು ಹೆಚ್ಚುಕಡಿಮೆಯಾದರೆ ಪೆಟ್ಟಿಗೆ ಸೊಟ್ಟಗೆ ಕೂತು ಹಟ ಹಿಡಿಯುತ್ತದೆ. ತುಂಬಿದ ಪೆಟ್ಟಿಗೆಯನ್ನು ಎತ್ತುವ ಮಾತೇ ಇಲ್ಲ. ಡಿಸ್ಕುಗಳನ್ನೆಲ್ಲ ಒಂದೊಂದಾಗಿ ಹೊರತೆಗೆದು, ಮೆತ್ತನೆಯ ಹಾಳೆಯ ಮೇಲೆ ಸಾಲಾಗಿ ಇಟ್ಟು, ಹಗುರಾದ ಪೆಟ್ಟಿಗೆಯನ್ನು ಎತ್ತಬೇಕು. ಬೀರು ಇಳಿಸುವ ಮೊದಲು ಒಳಗಿನ ಬಟ್ಟೆಬರೆ ಖಾಲಿ ಮಾಡಿಸುತ್ತಿದ್ದ ಮಾವನಿಗೆ ಈ ಬುದ್ಧಿ ಮೊದಲ ದಿನವೇ ಹಿಡಿಸಿತ್ತು.

ಪೆಟ್ಟಿಗೆ ಸೊಂಟದ ಮಟ್ಟಕ್ಕೆ ಬರಬೇಕಾಗಿದ್ದರಿಂದ ಆ ದಿನ ಮಾವನ ಮಾನ ಉಳಿಯಿತು. ಹಲ್ಲು ಕಚ್ಚಿ ಎತ್ತಿದರು, ಹಳಿಯ ಮೇಲೆ ಇಬ್ಬರೂ ಸಮನಾಗಿ ತಳ್ಳಿದರು, ಕಟಕ್ಕೆಂದು ಕೂತಿತು. ಸೊಸೆ ಮುಂದಿನ ತಿರುಪುಗಳನ್ನು ಬಿಗಿದು ಡಿಸ್ಕುಗಳನ್ನು ತೆಗೆದ ಜಾಗಕ್ಕೇ ಮರಳಿ ಕೂರಿಸತೊಡಗಿದಳು. ಒಂದನ್ನೂ ಒತ್ತಾಯಿಸುವುದಿಲ್ಲ. ಬಿಗಿ ಅನ್ನಿಸಿದರೆ ಹೊರಗೆಳೆದು, ನೋಡಿ, ಮತ್ತೆ ತೂರಿಸುತ್ತಾಳೆ. ಇಷ್ಟು ತಾಳ್ಮೆ ತಮ್ಮ ಮನೆತನದ ರಕ್ತದಲ್ಲಂತೂ ಇಲ್ಲ, ಹೊರಗಿನಿಂದ ಬಂದದ್ದು ಒಳ್ಳೆಯದೇ ಆಯಿತು ಅಂತ ಮಾವ ಮನಸ್ಸಿನಲ್ಲೇ ಅಂದುಕೊಂಡರು.

ಮುಂಭಾಗ ಅವಳದು, ಹಿಂಭಾಗದ ಕರೆಂಟಿನ ವೈರು ಮಾವನದು ಅನ್ನುವುದು ಇಬ್ಬರ ನಡುವಿನ ರೂಢಿ. ರ‍್ಯಾಕಿನ ಹಿಂದೆ ಎಡಕ್ಕೊಂದು, ಬಲಕ್ಕೊಂದು, ಪ್ಲಗ್ಗು ಸಿಕ್ಕಿಸುವ ತೂತುಗಳ ಉದ್ದನೆಯ ಪವರ್ ಸ್ಟ್ರಿಪ್ ಇತ್ತು. ಪೆಟ್ಟಿಗೆಗೂ ಎರಡು ವೈರು. ಒಂದು ಎಡಕ್ಕೆ, ಒಂದು ಬಲಕ್ಕೆ ಹಾಕಬೇಕು. ಎಡದ್ದನ್ನು ಮಾವ ಸಲೀಸಾಗಿ ಹಾಕಿದರು. ಬಲಗಡೆ ಕೆಳಗಿನ ತೂತುಗಳೆಲ್ಲ ಭರ್ತಿ, ಖಾಲಿ ಇದ್ದದ್ದು ತಲೆಗಿಂತ ಎತ್ತರದಲ್ಲಿ. ತೋಳು ಎತ್ತಿದರು, ಭುಜ ಚುರ್ರೆಂದಿತು. ಮತ್ತೊಂದು ಸಲ ಎತ್ತಿದರು, ಬಾಯಿಂದ ಹಾ ಅನ್ನುವುದು ಹೊರಟೇ ಬಿಡುತ್ತಿತ್ತು. ಸೊಸೆಯನ್ನು ಕರೆದರೆ ಗುಟ್ಟು ರಟ್ಟಾಗುತ್ತದೆ. ಎಡಗಡೆಯೇ ಇನ್ನೊಂದು ತೂತು ಖಾಲಿ ಇತ್ತು, ಕರೆಂಟು ಎಲ್ಲಿಂದ ಬಂದರೇನು, ಎಡ ಬಲ ಅನ್ನುವುದೆಲ್ಲ ಸೊಸೆಯ ಅಚ್ಚುಕಟ್ಟಿನ ಹುಚ್ಚು ಅಂದುಕೊಂಡು ಎರಡನೇ ವೈರನ್ನೂ ಅಲ್ಲೇ ತುರುಕಿ, ಮುಖ ಒರೆಸಿಕೊಂಡು ಈಚೆಗೆ ಬಂದರು.

ಪೆಟ್ಟಿಗೆಯ ಎಲ್ಲ ದೀಪಗಳೂ ಹಸಿರಾಗಿ ಹೊತ್ತಿಕೊಂಡವು. ಸೊಸೆ ಪರೀಕ್ಷೆಗೆಂದು ಸುಳ್ಳು ಚಿತ್ರಗಳನ್ನು ತುಂಬಿ, ಓದಿ ನೋಡಿದಳು. ಒಂದು ಡಿಸ್ಕನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡಳು. ಉಳಿದವು ಆ ಒಂದರ ಭಾರವನ್ನೂ ಹೊತ್ತು ಚಿತ್ರಗಳನ್ನು ಹಾಗೇ ಕೊಟ್ಟವು. ಸಾಹೇಬರು ಬಾಯಿ ಬಿಟ್ಟು ನೋಡಿದರು. ಮಾವನಿಗೆ ಇದು ಎಷ್ಟು ಸಲ ನೋಡಿದರೂ ಹಳತಾಗದ ಆಟ. ಅವಳು ಡಿಸ್ಕನ್ನು ಮರಳಿ ಕೂರಿಸಿ, ಅದು ತನ್ನ ಪಾಲನ್ನು ಪೂರ್ತಿ ತುಂಬಿಕೊಳ್ಳುವ ತನಕ ಕಾದು, ಊಟಕ್ಕೆ ಹೊರಟಳು. ಹಳೆಯ ಚಿತ್ರಗಳನ್ನೆಲ್ಲ ಹೊಸದಕ್ಕೆ ನಕಲು ಮಾಡಿಕೊಳ್ಳಬಹುದು, ಆದರೆ ಇನ್ನೂ ಒಂದು ಪರೀಕ್ಷೆ ಬಾಕಿ ಇದೆ, ಅಲ್ಲಿಯವರೆಗೆ ಡಾಕ್ಟರುಗಳಿಗೆ ಕೊಡಬೇಡಿ ಅಂತ ಹೇಳಿಯೇ ಹೋದಳು.

ಹೇಳಿದ್ದನ್ನು ಕೇಳಿದ್ದರೆ ಅವರು ಅವಸರದ ಸಾಹೇಬರು ಹೇಗಾಗುತ್ತಿದ್ದರು? ಮರಳಿ ಬರುವಷ್ಟರಲ್ಲಿ ನಕಲು ಮುಗಿದಿತ್ತು, ಹಳೆಯ ಪೆಟ್ಟಿಗೆ ಆರಿತ್ತು, ಮಹಡಿಯ ಮೇಲೆ ಡಾಕ್ಟರುಗಳೆಲ್ಲ ಹೊಸ ಪೆಟ್ಟಿಗೆಯಿಂದಲೇ ಚಿತ್ರ ನೋಡುತ್ತಿದ್ದರು. ಬೆಂಚುಗಳ ತುಂಬ ರೋಗಿಗಳು. ಸೊಸೆಯ ಮೂಗು ಕೆಂಪಾಯಿತು, ಆದರೆ ದನಿ ಏರಲಿಲ್ಲ. ಪರೀಕ್ಷೆ ಮಾತ್ರ ಮಾಡಿಯೇ ತೀರುತ್ತೇನೆ ಅಂದಳು. ಇನ್ನೇನು ಪರೀಕ್ಷೆ, ಎಲ್ಲ ಚೆನ್ನಾಗಿಯೇ ನಡೆಯುತ್ತಿದೆಯಲ್ಲ ಅಂತ ಸಾಹೇಬರು ಗೊಣಗಿದರು.

"ಇದಕ್ಕೆ ಎರಡು ಕಡೆಯಿಂದ ಕರೆಂಟ್ ಬರುತ್ತೆ ಸರ್," ಅಂದಳು ಸೊಸೆ. "ಒಂದು ಕಡೆ ಪೂರ್ತಿ ಹೋದ್ರೂ ಇನ್ನೊಂದು ಕಡೆಯಿಂದ ಇದು ನಡೀತಾನೇ ಇರ್ಬೇಕು. ಎಡಗಡೆ ಸ್ಟ್ರಿಪ್ ಈಗ ಆರಿಸಿ ನೋಡ್ತೀನಿ. ನಾನಿಲ್ಲದಾಗ ಹೋಗೋದಕ್ಕಿಂತ ನಾನಿರೋವಾಗ ಹೋಗ್ಲಿ."

ರ‍್ಯಾಕಿನಲ್ಲಿದ್ದ ಉಳಿದ ಯಂತ್ರಗಳ ವೈರುಗಳನ್ನು ಬೆಳಿಗ್ಗೆಯೇ ಒಂದೊಂದಾಗಿ ನೋಡಿದ್ದೇನೆ, ಎಲ್ಲ ಎರಡೂ ಕಡೆಗಿವೆ, ಭಯ ಬೇಡ ಅಂತಲೂ ಹೇಳಿದಳು. ಬೇರೆಯವರು ಹಾಕಿದ ವೈರುಗಳನ್ನೆಲ್ಲ ಅವಳು ನೋಡಿದ್ದಳು. ಮಾವ ಹಾಕಿದ್ದನ್ನು ನೋಡಿರಲಿಲ್ಲ.

ಎಡ ಬಲ ಅನ್ನುವುದು ಅಚ್ಚುಕಟ್ಟಿನ ಹುಚ್ಚಲ್ಲ, ಪೆಟ್ಟಿಗೆಯ ಜೀವ ಅಂತ ಮಾವನಿಗೆ ಆಗ ಅರ್ಥವಾಯಿತು. ಎಡದ ಸ್ಟ್ರಿಪ್ ಆರಿದರೆ ಎರಡು ವೈರೂ ಒಟ್ಟಿಗೆ ಸಾಯುತ್ತವೆ. ಮೇಲೆ ಡಾಕ್ಟರುಗಳ ಪರದೆ ಕಪ್ಪಾಗುತ್ತದೆ, ಆ ಗಳಿಗೆಯಲ್ಲಿ ಬರೆಯುತ್ತಿರುವ ಯಾರದೋ ಕಣ್ಣಿನ ಚಿತ್ರ ಅರ್ಧಕ್ಕೇ ಹಾಳಾಗುತ್ತದೆ, ಸೊಸೆಯ ಹೆಸರು ಮಣ್ಣುಪಾಲಾಗುತ್ತದೆ. ಬಾಯಿಬಿಟ್ಟರೆ ಭುಜದ ಕತೆಯೂ ಹೊರಬೀಳುತ್ತದೆ, ವ್ಯಾನೂ ಹೋಗುತ್ತದೆ. ಸೊಸೆ ರ‍್ಯಾಕಿನ ಹಿಂದೆ ಹೋಗಿ ಸ್ವಿಚ್ಚಿನ ಮೇಲೆ ಬೆರಳಿಟ್ಟಿದ್ದಳು.

"ತಡಿಯಮ್ಮ, ಆರಿಸ್ಬೇಡ," ಅಂದರು ಮಾವ. "ಎರಡೂ ವೈರು ಎಡಗಡೆನೇ ಹಾಕಿದೀನಿ. ಬಲಗಡೆಗೆ ನನ್ನ ಕೈ ಏಳ್ಲಿಲ್ಲ. ಭುಜ ಹೋಗಿ ಬಹಳ ದಿನ ಆಯ್ತು, ನಿನಗೆ ಹೇಳಿರ್ಲಿಲ್ಲ."

ಸೊಸೆಯ ಬೆರಳು ಸ್ವಿಚ್ಚಿನಿಂದ ಮೆಲ್ಲಗೆ ಈಚೆಗೆ ಬಂತು. ಸಾಹೇಬರು ಮಾವನ ಕಡೆ ತಿರುಗಿ ಏನೋ ಬಿರುಸಾಗಿ ಅನ್ನಲು ಹೊರಟರು. ಅಷ್ಟರಲ್ಲಿ ಸೊಸೆ ಅಡ್ಡ ಬಂದಳು. ತಪ್ಪು ನನ್ನದು, ಊರಿನವರ ವೈರನ್ನೆಲ್ಲ ನೋಡಿ ನಮ್ಮವರು ಹಾಕಿದ್ದು ಅಂತ ಇದೊಂದನ್ನು ನೋಡದೆ ಬಿಟ್ಟೆ, ಸ್ವಿಚ್ಚು ಒತ್ತುವ ಕೈ ನನ್ನದಾಗಿತ್ತು ಅಂತ ನೇರವಾಗಿ ಹೇಳಿದಳು. ಆಮೇಲೆ ಸಣ್ಣ ಏಣಿಯ ಮೇಲೆ ಹತ್ತಿ, ಒಂದು ವೈರು ಜೀವಂತ ಇರುವ ಹಾಗೇ ಇನ್ನೊಂದನ್ನು ಕಿತ್ತು ಬಲದ ಸ್ಟ್ರಿಪ್ಪಿಗೆ ಹಾಕಿದಳು. ಪೆಟ್ಟಿಗೆ ಒಮ್ಮೆ ಕೀ ಅಂದು ಸುಮ್ಮನಾಯಿತು. ಮೇಲೆ ಯಾರಿಗೂ ಏನೂ ತಿಳಿಯಲಿಲ್ಲ.

ಮಾವ ಗೋಡೆಗೆ ಒರಗಿ ನಿಂತಿದ್ದರು. ಏಣಿಯಿಂದ ಇಳಿದು ಸೊಸೆ ಸಾಹೇಬರಿಗೆ ಹೇಳಿದಳು:

"ಸರ್, ನಿಮ್ಮ ಉಳಿದ ಆಸ್ಪತ್ರೆಗಳ ಕೆಲಸ ಕೊಟ್ರೆ, ಎತ್ತೋಕೆ ಬೇರೆಯವರನ್ನ ಕರ್ಕೊಂಡು ಬರ್ತೀನಿ. ಇವರು ಇನ್ನು ಎತ್ತಲ್ಲ."

ಮಾವ ನೆಲ ನೋಡಿದರು. ಆಯಿತಲ್ಲ, ಮುಗಿಯಿತಲ್ಲ ಅನ್ನಿಸಿತು. ಆದರೆ ಅವಳು ಇನ್ನೂ ಮುಗಿಸಿರಲಿಲ್ಲ.

"ಎತ್ತೋರು ಎಲ್ಲಿ ಬೇಕಾದ್ರೂ ಸಿಕ್ತಾರೆ. ಆರಿಸ್ಬೇಡ ಅನ್ನೋರು ನಂಗೆ ಬೇಕು," ಅಂದು ಮಾವನ ಕಡೆ ತಿರುಗಿದಳು. "ಮಾವ, ಈಗ ವೈರೆಲ್ಲ ನೋಡಿ. ನಾನು ಹಾಕಿದ್ದು ಅಂತ ಬಿಡ್ಬೇಡಿ."

ಮಾವ ಕಣ್ಣೊರೆಸಿಕೊಂಡದ್ದನ್ನು ಯಾರೂ ಗಮನಿಸಿಲ್ಲ ಅಂತ ಅವರ ನಂಬಿಕೆ. ಎಲ್ಲರೂ ಗಮನಿಸಿದ್ದರು. ಎಡಗೈಯಲ್ಲಿ ಮೊದಲ ವೈರನ್ನು ಪೆಟ್ಟಿಗೆಯ ಬುಡದಲ್ಲಿ ಹಿಡಿದು, ಬೆರಳು ಜಾರಿಸುತ್ತ ಅದರ ಕೊನೆಯವರೆಗೆ ಹೋದರು. ಆಮೇಲೆ ಎರಡನೆಯದು. ಆಮೇಲೆ ಸೊಸೆ ಜೋಡಿಸಿದ ಉಳಿದ ವೈರುಗಳು, ಒಂದೊಂದೂ. ಎತ್ತರದಲ್ಲಿದ್ದದ್ದನ್ನು ನೋಡಲು ಏಣಿ ಬೇಕಾದಾಗ ಸಂಕೋಚಪಡದೆ ಕೇಳಿದರು, ಸೊಸೆ ತಂದು ಹಿಡಿದುಕೊಂಡಳು. ಸಾಹೇಬರು ಗಡಿಯಾರ ನೋಡಿ, ಇನ್ನು ಆರಿಸಬಹುದಲ್ಲವೇ ಅಂತ ಸೊಸೆಯನ್ನು ಕೇಳಿದರು. ಮಾವ ಇನ್ನೂ ಹೇಳಿಲ್ಲವಲ್ಲ ಸರ್ ಅಂದಳು ಅವಳು.

ಮಾವ ಏಣಿಯಿಂದ ಇಳಿದರು. ಏನೋ ಅನುಮಾನ ಬಂದವರಂತೆ ಮತ್ತೆ ಬಗ್ಗಿ, ಬಲಕ್ಕೆ ಹೋದ ವೈರಿನ ಬುಡವನ್ನು ಇನ್ನೊಂದು ಸಲ ಮುಟ್ಟಿ ನೋಡಿದರು. ಸೊಸೆ ಸ್ವಿಚ್ಚಿನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು.

"ಹೂಂ, ಈಗ ಆರಿಸಮ್ಮ," ಅಂದರು.

ಅವಳು ಸ್ವಿಚ್ಚು ಒತ್ತಿದಳು. ಎಡದ ಸ್ಟ್ರಿಪ್ಪಿನ ದೀಪ ಆರಿತು, ಪೆಟ್ಟಿಗೆಯ ಮುಂಭಾಗದ ಹಸಿರು ದೀಪಗಳಲ್ಲಿ ಒಂದೂ ಆರಲಿಲ್ಲ.