ಹಳದಿ ದೀಪದ ಮೇಲಿನ ಕಪ್ಪು ಬಟ್ಟೆ

ನಮ್ಮ ಯಜಮಾನರ ಬಾಡಿಗೆ ಕಾರು ಸ್ಟಾರ್ಟ್ ಆದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಸದ್ದಿನಿಂದಲ್ಲ, ವಾಸನೆಯಿಂದ. ಸೈಲೆನ್ಸರಿನಿಂದ ಹಸಿ ಪೆಟ್ರೋಲಿನ ಘಾಟು ಬರುತ್ತಿತ್ತು, ನಿಂತಲ್ಲೇ ಕಾರು ನಡುಗುತ್ತಿತ್ತು. ಎದುರುಮನೆಯ ಮೇಷ್ಟ್ರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಪಕ್ಕದ ಮನೆಯಾಕೆ ಒಮ್ಮೆ, "ನಿಮ್ಮ ಕಾರು ಪೆಟ್ರೋಲ್ ಕುಡಿಯುತ್ತೋ, ಬಾಯಿ ಮುಕ್ಕಳಿಸಿ ಉಗಿಯುತ್ತೋ?" ಎಂದು ಕೇಳಿದಳು. ನಾನು ನಕ್ಕೆ. ಇವರಿಗೆ ಸಿಟ್ಟು ಬಂತು.

"ಪೆಟ್ರೋಲ್ ಕಾರಿಂದ ಪೆಟ್ರೋಲ್ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಜನ ಗೊಣಗಬಾರದೆಂದು ಒಂದು ಉಪಾಯ ಹುಡುಕಿದರು. ಬೆಳಿಗ್ಗೆ ಆರಕ್ಕೆ ಷೆಡ್ಡಿನ ಶಟರನ್ನು ಮೊಣಕಾಲೆತ್ತರ ಮಾತ್ರ ಎತ್ತಿ, ಒಳಗೇ ಹದಿನೈದು ನಿಮಿಷ ಎಂಜಿನ್ ಓಡಿಸಿ ಬಿಸಿ ಮಾಡುವುದು. ಸ್ಟೇರಿಂಗಿನ ಹಿಂದೆ ಎಂಜಿನ್ ಚಿತ್ರದ ಹಳದಿ ದೀಪವೊಂದು ಉರಿಯುತ್ತಲೇ ಇತ್ತು. "ಕಾರಲ್ಲಿ ಕೂತೋರು ಇದೇನು ಅಂತ ಕೇಳ್ತಾರೆ ಕಣೇ. ಮುಚ್ಚೋಕೆ ಏನಾದ್ರೂ ಕೊಡು" ಎಂದರು. ನಾನು ಹೊಲಿಗೆಯವಳು. ಉಗುರಗಲದ ಕಪ್ಪು ಬಟ್ಟೆ ದುಂಡಗೆ ಕತ್ತರಿಸಿ, ಅಂಟು ಹಚ್ಚಿ, ಅಚ್ಚುಕಟ್ಟಾಗಿ ನಾನೇ ಅಂಟಿಸಿದೆ.

ಷೆಡ್ಡಿಗೂ ಸೊಸೆಯ ಕೋಣೆಗೂ ನಡುವೆ ಇದ್ದದ್ದು ಒಂದೇ ಬಾಗಿಲು. ಅವಳಿಗೆ ಆಗ ಐದು ತಿಂಗಳು. ಮಗ ಬೆಳಗಿನ ಪಾಳಿಗೆ ಐದಕ್ಕೇ ಹೊರಟುಬಿಡುತ್ತಿದ್ದ.

"ಅತ್ತೆ, ತಲೆ ಸಿಡೀತಾ ಇದೆ. ಹೊಟ್ಟೆ ತೊಳೆಸುತ್ತೆ" ಎಂದು ಅವಳು ದಿನಾ ಹೇಳುತ್ತಿದ್ದಳು.

"ಬಸಿರಲ್ಲಿ ಇದೆಲ್ಲ ಇದ್ದದ್ದೇ ಕಣಮ್ಮ. ನಾನೇನು ಹೆತ್ತಿಲ್ವಾ?" ಎನ್ನುತ್ತಿದ್ದೆ. ನಾಜೂಕಿನ ಹುಡುಗಿ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೂ ಉಂಟು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ಬೆಳಿಗ್ಗೆ ನನ್ನ ತಂಗಿ ಬಂದಳು. ಅವಳು ಸ್ವಂತ ಗ್ಯಾರೇಜ್ ನಡೆಸುವ ಮೆಕ್ಯಾನಿಕ್. ಕೆಲಸದ ಅಂಗಿಯ ಹರಿದ ಜೇಬು ಹೊಲಿಸಿಕೊಳ್ಳಲು ಬಂದವಳು ಷೆಡ್ಡಿನ ಮುಂದೆ ಗಕ್ಕನೆ ನಿಂತಳು. ಶಟರನ್ನು ದಡಾರನೆ ಪೂರ್ತಿ ಎತ್ತಿದಳು.

"ಭಾವ, ಮೊದಲು ಎಂಜಿನ್ ಆಫ್ ಮಾಡಿ!"

"ನಮ್ಮನೆಗೆ ಬಂದು ನನಗೇ ಆರ್ಡರ್ರಾ?"

ಅವಳು ತಾನೇ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿ, ನೇರ ಒಳಗೆ ನಡೆದಳು. ಸೊಸೆ ಮಂಚದ ತುದಿಯಲ್ಲಿ ತಲೆ ಹಿಡಿದು ಕುಳಿತಿದ್ದಳು. ಎಬ್ಬಿಸಿದರೆ ಕಾಲು ತಡವರಿಸಿತು. ನಾವಿಬ್ಬರೂ ಹಿಡಿದುಕೊಂಡು ಬೀದಿಯ ಗಾಳಿಗೆ ತಂದು ಕೂರಿಸಿದೆವು.

"ಈ ತಲೆನೋವು ಯಾವತ್ತಾದ್ರೂ ಇಲ್ದೆ ಇತ್ತೇನಮ್ಮ?" ತಂಗಿ ಕೇಳಿದಳು.

"ಮಾವ ಕಾರು ತಗೊಂಡು ಎರಡು ದಿನ ಪರವೂರಿಗೆ ಹೋಗಿದ್ರಲ್ಲ ಚಿಕ್ಕತ್ತೆ, ಆಗ ಏನೂ ಇರ್ಲಿಲ್ಲ."

ನಾನು ತಿರುಗಿ ಷೆಡ್ಡಿನ ಕಡೆ ನೋಡಿದೆ.

"ಅಕ್ಕ, ಮೂಗಿಗೆ ಹೊಡೆಯೋದು ಪೆಟ್ರೋಲು. ಆದರೆ ಅದೇ ಹೊಗೆಯಲ್ಲಿ ವಾಸನೆಯೇ ಇಲ್ಲದ ಇನ್ನೊಂದು ವಿಷ ಇರುತ್ತೆ, ಕಾರ್ಬನ್ ಮೊನಾಕ್ಸೈಡ್ ಅಂತ. ಅದು ರಕ್ತಕ್ಕೆ ಸೇರಿದರೆ ಮೈಗೆ ಬೇಕಾದ ಆಮ್ಲಜನಕ ಸಿಗೋದಿಲ್ಲ. ಹೊಟ್ಟೇಲಿರೋ ಮಗುಗೆ ಇನ್ನೂ ಅಪಾಯ. ಈಗ ಆಸ್ಪತ್ರೆಗೆ ನಡೀರಿ, ಕಾರಿನ ವಿಷಯ ಆಮೇಲೆ."

"ಅಯ್ಯೋ, ಒಂದಿಷ್ಟು ಹೊಗೆಗೆ ಇಷ್ಟೊಂದಾ?" ಎಂದರು ಇವರು. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ತಂಗಿ ಹೇಳಿದ್ದೇ ನಿಜವಾಗಿತ್ತು. ಸೊಸೆಯ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದರು. ಡಾಕ್ಟರಮ್ಮ ಅವಳ ಹೊಟ್ಟೆಯ ಮೇಲೆ ಯಂತ್ರ ಇಟ್ಟು ಅತ್ತಿತ್ತ ಸರಿಸಿದರು. ಆ ಒಂದು ನಿಮಿಷ ನಾನು ಹೇಗೆ ನಿಂತಿದ್ದೆನೋ ನನಗೇ ಗೊತ್ತಿಲ್ಲ. ಆಮೇಲೆ ಮಗುವಿನ ಎದೆಬಡಿತ ಟಕಟಕ ಕೇಳಿಸಿತು. ಬಾಗಿಲ ಬಳಿ ನಿಂತಿದ್ದ ನಮ್ಮ ಯಜಮಾನರು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟರು. ಇನ್ನು ಮೇಲೆ ಅವಳು ಆ ಹೊಗೆಯ ಹತ್ತಿರವೂ ಸುಳಿಯಬಾರದು, ತಪ್ಪದೆ ತಪಾಸಣೆಗೆ ಬರಬೇಕು ಎಂದು ಹೇಳಿ ಕಳಿಸಿದರು.

ಮರುದಿನ ಕಾರನ್ನು ತಂಗಿಯ ಗ್ಯಾರೇಜಿಗೆ ಎಳೆಸಿಕೊಂಡು ಹೋದೆವು. ಅವಳು ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಮೂರು ತಿಳಿಕಂದು ಬಣ್ಣಕ್ಕಿದ್ದವು. ಒಂದು ಮಾತ್ರ ಕರ್ರಗೆ ಒದ್ದೆಯಾಗಿತ್ತು.

"ಮೂಸಿ ನೋಡಿ ಭಾವ."

"ಪೆಟ್ರೋಲು!"

"ಬೆಂಕಿ ಇಲ್ಲದೆ ಹೊಗೆಯಾಡಲ್ಲ ಅಂತಾರೆ. ಇಲ್ಲಿ ಬೆಂಕಿ ಹತ್ತದೇ ಇರೋದೇ ಕಾಯಿಲೆ. ಕಿಡಿ ಬೀಳ್ತಿಲ್ಲ, ಪೆಟ್ರೋಲ್ ಉರೀದೆ ಹಾಗೇ ಹೊರಗೆ ಹೋಗ್ತಿದೆ. ಅದಕ್ಕೇ ನಿಂತಾಗ ಕಾರು ನಡುಗೋದು."

ಹಾಗೆಂದು ಅವಳು ಸುಮ್ಮನೆ ಪ್ಲಗ್ ಬದಲಿಸಿ ಕಳಿಸಲಿಲ್ಲ. ಆ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಬಿಚ್ಚಿ ಪಕ್ಕದ್ದಕ್ಕೆ ಹಾಕಿದಳು, ಪಕ್ಕದ್ದನ್ನು ಇಲ್ಲಿಗೆ. ಈಗ ಕಿಡಿ ಬೀಳದ ತೊಂದರೆ ಪಕ್ಕಕ್ಕೆ ಹೋಯಿತು, ಅಂದರೆ ಕೆಟ್ಟದ್ದು ಆ ಕಾಯಿಲ್ಲೇ. "ಸಿಕ್ಕಿಬಿದ್ದ ಕಳ್ಳ" ಎಂದು ಹೊಸ ಕಾಯಿಲ್ ಕೂರಿಸಿದಳು, ಪ್ಲಗ್ಗುಗಳನ್ನೂ ಬದಲಿಸಿದಳು. ಏರ್ ಫಿಲ್ಟರ್ ತೆಗೆದಾಗ ಜೋರಾಗಿ ನಕ್ಕಳು. ಹೊಲಿದ ಬಟ್ಟೆಗಳನ್ನು ನಾನು ಷೆಡ್ಡಿನಲ್ಲೇ ಕೊಡವುತ್ತಿದ್ದೆ, ನೂಲಿನ ಎಳೆ, ಧೂಳು ಎಲ್ಲ ಅದರಲ್ಲಿ ತುಂಬಿಕೊಂಡಿತ್ತು.

"ಅಕ್ಕಾ, ಬೀದಿಯವರ ಬಟ್ಟೆಯೆಲ್ಲ ಇಲ್ಲೇ ಇದೆಯಲ್ಲೇ! ಪಾಪ, ಇದೂ ಉಸಿರಾಡಬೇಡ್ವಾ?"

ಎಂಜಿನ್ ಒಂದೇ ಸಮನೆ ಓಡಿತು. ಘಾಟು ಮಾಯವಾಯಿತು.

"ಈಗ ವಾಸನೆ ಇಲ್ಲ. ಇನ್ನು ಷೆಡ್ಡಲ್ಲೇ ಸ್ಟಾರ್ಟ್ ಮಾಡಬಹುದು ತಾನೆ?" ಎಂದರು ನಮ್ಮ ಯಜಮಾನರು.

"ಎಲ್ಲಾದರೂ ಉಂಟೇ ಭಾವ! ವಾಸನೆ ಇಲ್ಲ ಅಂದ್ರೆ ವಿಷ ಇಲ್ಲ ಅಂತಲ್ಲ. ಎಷ್ಟೇ ಒಳ್ಳೆ ಕಾರಾದ್ರೂ ಮುಚ್ಚಿದ ಜಾಗದಲ್ಲಿ ಓಡಿಸಬಾರದು." ಎನ್ನುತ್ತಲೇ ಅವಳ ಕಣ್ಣು ಕಪ್ಪು ಬಟ್ಟೆಯ ಮೇಲೆ ಬಿತ್ತು. ಉಗುರಿನಿಂದ ಕಿತ್ತು ಹಿಡಿದಳು. "ಇದ್ಯಾರ ಕೈಕೆಲಸ?"

"ನಂದೇ. ಎರಡು ತಿಂಗಳಾಯ್ತು" ಎಂದೆ.

"ಈ ದೀಪ ಎರಡು ತಿಂಗಳಿಂದ ಎಂಜಿನ್ ಸರಿಯಿಲ್ಲ ಅಂತಲೇ ಹೇಳ್ತಿತ್ತಲ್ಲಕ್ಕ."

ಸಂಜೆ ಸೊಸೆಯ ಕೈ ಹಿಡಿದು, "ತಪ್ಪಾಯ್ತು ಕಣಮ್ಮ" ಎಂದೆ. ಅವಳು ಸಿಟ್ಟಾಗಲಿಲ್ಲ. "ನಾನು ಹೇಳ್ದಾಗ ಒಂದ್ಸಲ ಕೇಳಿದ್ರೆ ಸಾಕಿತ್ತು ಅತ್ತೆ" ಎಂದಳು ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಈಗ ಕಾರು ಬಯಲಿನಲ್ಲಿ ನಿಲ್ಲುತ್ತದೆ. ಮೊಮ್ಮಗಳಿಗೆ ಮೂರು ತಿಂಗಳು, ಅಜ್ಜನ ಮೀಸೆ ಎಳೆಯುವಷ್ಟು ಗಟ್ಟಿ. ಆ ಕಪ್ಪು ಬಟ್ಟೆಯ ಚೂರನ್ನು ನಾನು ಸೂಜಿ ಡಬ್ಬಿಯಲ್ಲೇ ಇಟ್ಟುಕೊಂಡಿದ್ದೇನೆ.

ಇದನ್ನು ಓದಿದ ಅಣ್ಣ, ಅಕ್ಕ, ನಿಮ್ಮ ಗಾಡಿಯ ಹೊಗೆಯಲ್ಲಿ ಪೆಟ್ರೋಲ್ ವಾಸನೆ ಬಂದರೆ, ಹಳದಿ ದೀಪ ಉರಿದರೆ, ನಾಳೆ ನೋಡೋಣ ಎನ್ನಬೇಡಿ, ಬಲ್ಲವರಿಗೆ ತೋರಿಸಿ. ಷೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ. ಹೊಗೆಯ ಹತ್ತಿರ ಇದ್ದವರಿಗೆ ತಲೆ ನೋಯುತ್ತಿದ್ದರೆ ಮೊದಲು ಬಯಲಿಗೆ ಕರೆತಂದು, ತಕ್ಷಣ ಆಸ್ಪತ್ರೆಗೆ ಹೋಗಿ. ಮುಖ್ಯವಾಗಿ, ಮನೆಯಲ್ಲಿ ಯಾರಾದರೂ "ನನಗೆ ಆಗ್ತಿಲ್ಲ" ಎಂದರೆ ಕೂತು ಕೇಳಿ. ನಾನು ಕೇಳಿರಲಿಲ್ಲ. ನಮ್ಮ ಅದೃಷ್ಟಕ್ಕೆ ಅವತ್ತು ನನ್ನ ತಂಗಿಯ ಜೇಬು ಹರಿದಿತ್ತು.